ಕೋವಿಯ ಅಂಗಡಿಯಲ್ಲಿ ಗಿರಾಕಿಯ ಗುರುತು: ಅಮೆರಿಕದ ಶಾಸನಚರಿತ್ರೆಯ ಒಂದು ಅಧ್ಯಾಯ

ಕೋವಿಯನ್ನು ಕೊಳ್ಳಲು ಬಂದವನು ಯಾರು ಎಂಬುದನ್ನು ಮಾರುವವನು ಹೇಗೆ ಅರಿಯಬೇಕು? ಮೇಲುನೋಟಕ್ಕೆ ಇದು ಸಾಮಾನ್ಯವಾದ ಪ್ರಶ್ನೆಯಾಗಿ ತೋರುತ್ತದೆ. ಅಕ್ಕಿ ಬೇಳೆ ಮಾರುವವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ; ಹಣ ಸಂದರೆ ಸಾಕು. ಸಾಲ ಕೊಡುವವನಿಗೆ ಹುಟ್ಟುತ್ತದೆ. ಆದರೆ ಅವನು ತಪ್ಪಿದರೆ ನಷ್ಟ ಅವನೊಬ್ಬನದೇ. ಆಯುಧವನ್ನು ಮಾರುವವನ ಸ್ಥಿತಿ ಇವೆರಡಕ್ಕಿಂತಲೂ ಭಿನ್ನವಾದುದು. ಗಿರಾಕಿಯನ್ನು ಗುರುತಿಸುವುದರಲ್ಲಿ ಅವನು ತಪ್ಪಿದರೆ ಅದರ ಫಲವನ್ನು ಉಣ್ಣುವವರು ಆ ಅಂಗಡಿಯ ಹೊಸಿಲನ್ನು ಎಂದೂ ತುಳಿಯದ ಮೂರನೆಯವರು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೧೧ರಿಂದ ಈಚೆಗೆ ಕಾನೂನು ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಯುಧ ಧರಿಸುವ ಹಕ್ಕು ಆ ದೇಶದ ಸಂವಿಧಾನದಲ್ಲಿ ಎಷ್ಟರ ಮಟ್ಟಿಗೆ ಅಡಕವಾಗಿದೆ ಎಂಬ ದೊಡ್ಡ ವಿವಾದವನ್ನು ಇಲ್ಲಿ ಎತ್ತಿಕೊಂಡಿಲ್ಲ. ಅಂಗಡಿಯಲ್ಲಿ ತೆರೆದಿಟ್ಟ ಪುಸ್ತಕ, ಅದರಲ್ಲಿ ಬರೆದ ಹೆಸರು, ಆ ಹೆಸರು ಎದುರಿಗೆ ನಿಂತವನದೇ ಎಂದು ಹೇಳಲು ಇದ್ದ ಆಧಾರ—ನಮ್ಮ ವಿಚಾರ ಇಷ್ಟಕ್ಕೇ ಸೀಮಿತ. ಈ ಚರಿತ್ರೆಯನ್ನು ಅನುಸರಿಸಿ ಬಂದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೋವಿಯುಳ್ಳವರ ಪಟ್ಟಿಯನ್ನು ಸರ್ಕಾರವು ತಾನು ಇಟ್ಟುಕೊಳ್ಳಲು ಒಲ್ಲದೆ, ಗುರುತು ಹಿಡಿಯುವ ಹೊಣೆಯನ್ನು ವರ್ತಕನ ತಲೆಯ ಮೇಲೆ ಹೊರಿಸಿತು. ಹೊರಿಸುವಾಗ ಅವನ ಕೈಗೆ ಕೊಟ್ಟ ಸಾಧನವಾದರೋ ಬರಿಯ ಕಾಗದ.

ಅಪಾಯಕರವಾದ ವಸ್ತುವನ್ನು ಅಪರಿಚಿತನಿಗೆ ಮಾರಕೂಡದೆಂಬ ಭಾವನೆ ಕೋವಿಯ ಶಾಸನಗಳಿಗಿಂತ ಹಿಂದಿನದು. ಇಂಗ್ಲೆಂಡಿನಲ್ಲಿ ೧೮೫೧ರಲ್ಲಿ ಪಾಷಾಣದ ಮಾರಾಟವನ್ನು ನಿಯಂತ್ರಿಸುವ ಕಾಯಿದೆಯೊಂದು ಬಂದಿತು. ಕೊಳ್ಳುವವನು ಮಾರುವವನಿಗೆ ಪರಿಚಿತನಾಗಿರಬೇಕು. ಇಲ್ಲವಾದರೆ ಇಬ್ಬರಿಗೂ ಪರಿಚಿತನಾದ ಸಾಕ್ಷಿಯ ಸಮಕ್ಷಮದಲ್ಲಿ ಮಾರಾಟ ನಡೆಯಬೇಕು. ಪುಸ್ತಕದಲ್ಲಿ ರುಜು ಬೀಳಬೇಕು. ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರೆಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆಯಿದು. ಇಂಥವನ ಮಗ, ಇಂಥ ಬೀದಿಯವನು ಎಂಬ ಮಾತಿಗೆ ಬೆಲೆಯಿದ್ದ ಕಾಲಕ್ಕೆ ಅದು ಒಪ್ಪುವಂಥದು. ಮಹಾನಗರಗಳು ಬೆಳೆದಂತೆಲ್ಲ ಈ ನಂಬಿಕೆಯ ಬೇರು ಸಡಿಲವಾಯಿತು. ಆದರೆ ಶಾಸನಗಳ ಭಾಷೆಯಲ್ಲಿ ಅದು ಬಹುಕಾಲ ಉಳಿದುಕೊಂಡಿತೆಂಬುದನ್ನು ಮುಂದೆ ಕಾಣುತ್ತೇವೆ.

೧೯೧೧ರ ಜನವರಿ ೨೩ರಂದು ನ್ಯೂಯಾರ್ಕ್ ನಗರದ ಗ್ರಾಮರ್ಸಿ ಪಾರ್ಕಿನ ಬಳಿ ಡೇವಿಡ್ ಗ್ರಹಾಂ ಫಿಲಿಪ್ಸ್ ಎಂಬ ಕಾದಂಬರಿಕಾರನನ್ನು ಒಬ್ಬನು ಪಿಸ್ತೂಲಿನಿಂದ ಹೊಡೆದು ತಾನೂ ಹೊಡೆದುಕೊಂಡು ಸತ್ತನು. ಹಿಂದಿನ ವರ್ಷವಷ್ಟೆ ಆ ನಗರದ ಮೇಯರ್ ಗೇನರನ ಮೇಲೆ ಗುಂಡು ಹಾರಿತ್ತು. ಸಂಸ್ಥಾನದ ಸೆನೆಟರ್ ತಿಮೊಥಿ ಸಲ್ಲಿವನ್ನನು ಮುಂದಿಟ್ಟ ಮಸೂದೆ ಅದೇ ವರ್ಷದ ಮೇ ತಿಂಗಳಲ್ಲಿ ಶಾಸನವಾಗಿ ಆಗಸ್ಟ್ ಕೊನೆಗೆ ಜಾರಿಗೆ ಬಂದಿತು. ಬಚ್ಚಿಡಬಹುದಾದ ಆಯುಧವನ್ನು ಇಟ್ಟುಕೊಳ್ಳಲು ಅಪ್ಪಣೆ ಬೇಕೆಂಬುದು ಅದರ ಮುಖ್ಯವಿಧಿ. ನಮಗೆ ಪ್ರಕೃತವಾದುದು ಮತ್ತೊಂದು ವಿಧಿ: ಮಾರುವ ಪ್ರತಿಯೊಬ್ಬನೂ ಪುಸ್ತಕವನ್ನಿಟ್ಟು, ಕೊಂಡವನ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳಗಳನ್ನೂ ಆಯುಧದ ತಯಾರಕ ಮತ್ತು ಸಂಖ್ಯೆಗಳನ್ನೂ ಬರೆಯತಕ್ಕದ್ದು. ಅಂಗಡಿಯ ಕಿರ್ದಿಪುಸ್ತಕ ಪೋಲೀಸರ ದಾಖಲೆಯೂ ಆದದ್ದು ಹೀಗೆ. ಇಲ್ಲಿ ಕೊಳ್ಳುವವನು ಅಪ್ಪಣೆಯ ಚೀಟಿಯನ್ನು ಮೊದಲೇ ಪಡೆದಿರಬೇಕಾದ್ದರಿಂದ, ಅವನು ಯಾರೆಂಬುದನ್ನು ಒಬ್ಬ ಅಧಿಕಾರಿ ಮುಂಚೆಯೇ ವಿಚಾರಿಸಿರುತ್ತಿದ್ದನು. ಆದರೆ ನ್ಯೂಯಾರ್ಕಿನ ಈ ಮಾರ್ಗವನ್ನು ಹಿಡಿದ ಸಂಸ್ಥಾನಗಳು ಕೆಲವೇ.

ಹೆಚ್ಚಿನವು ಹಿಡಿದ ಮಾರ್ಗಕ್ಕೆ ಕ್ಯಾಲಿಫೋರ್ನಿಯದ ೧೯೨೩ರ ಶಾಸನ ಒಳ್ಳೆಯ ನಿದರ್ಶನ. ಕೊಳ್ಳುವವನು ಮಾರುವವನಿಗೆ ಸ್ವತಃ ಪರಿಚಿತನಾಗಿರಬೇಕು, ಇಲ್ಲವೆ ತನ್ನ ಗುರುತಿಗೆ ಸ್ಪಷ್ಟವಾದ ಪ್ರಮಾಣವನ್ನು ಒದಗಿಸಬೇಕು ಎಂದು ಅದು ವಿಧಿಸಿತು. ಕೈಪಿಸ್ತೂಲುಗಳ ಬಗ್ಗೆ ಎಲ್ಲ ಸಂಸ್ಥಾನಗಳಿಗೂ ಮಾದರಿಯೆಂದು ಸಿದ್ಧವಾದ ಏಕರೂಪ ಶಾಸನದಲ್ಲಿಯೂ ಇದೇ ಒಕ್ಕಣೆ ಇತ್ತು. ೧೯೩೧ರಲ್ಲಿ ಪೆನ್ಸಿಲ್ವೇನಿಯವೂ ೧೯೩೨ರಲ್ಲಿ ರಾಜಧಾನಿ ವಾಷಿಂಗ್ಟನ್ ಪ್ರದೇಶವೂ ಆ ಮಾದರಿಯನ್ನು ಅಂಗೀಕರಿಸಿದವು. ಈ ಒಕ್ಕಣೆಯ ಎರಡು ಭಾಗಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯ ಭಾಗ ಪಾಷಾಣದ ಕಾಯಿದೆಯ ಲೋಕಕ್ಕೆ ಸೇರಿದ್ದು: ಪರಿಚಯವೇ ಪ್ರಮಾಣ. ಎರಡನೆಯ ಭಾಗ ಬರಲಿರುವ ಲೋಕಕ್ಕೆ ಸೇರಿದ್ದು: ಪರಿಚಯವಿಲ್ಲದಿದ್ದರೆ ಕಾಗದ. ಯಾವ ಕಾಗದ ಎಂಬುದನ್ನು ಮಾತ್ರ ಶಾಸನ ಹೇಳಲಿಲ್ಲ. ಚಿತ್ರವಿರುವ ಗುರುತಿನ ಚೀಟಿ ಜನಸಾಮಾನ್ಯರ ಕೈಯಲ್ಲಿ ಇಲ್ಲದ ಕಾಲದಲ್ಲಿ ಹೇಳುವುದೂ ಸುಲಭವಾಗಿರಲಿಲ್ಲ.

ಕೇಂದ್ರ ಸರ್ಕಾರ ಈ ಕ್ಷೇತ್ರಕ್ಕೆ ತಡವಾಗಿ ಬಂದಿತು. ೧೯೨೭ರ ಕಾಯಿದೆ ಬಚ್ಚಿಡಬಹುದಾದ ಆಯುಧಗಳನ್ನು ಸರ್ಕಾರಿ ಅಂಚೆಯಲ್ಲಿ ಕಳುಹಿಸಕೂಡದೆಂದಿತು. ಖಾಸಗಿ ಸಾಗಾಣಿಕೆಯ ಕಂಪೆನಿಗಳನ್ನು ಮುಟ್ಟಲಿಲ್ಲವಾದ್ದರಿಂದ ವ್ಯಾಪಾರ ಅತ್ತ ತಿರುಗಿತು, ಅಷ್ಟೆ. ೧೯೩೪ರ ಕಾಯಿದೆ ಯಂತ್ರಕೋವಿಗಳಿಗೂ ನಳಿಗೆ ಮೊಟಕಾದ ಕೋವಿಗಳಿಗೂ ೨೦೦ ಡಾಲರ್ ತೆರಿಗೆ ಹಾಕಿ, ಬೆರಳಚ್ಚು ಭಾವಚಿತ್ರಗಳನ್ನು ಕೇಳಿತು. ಅದು ಸಾಮಾನ್ಯ ಅಂಗಡಿಗೆ ಸಂಬಂಧಪಟ್ಟದ್ದಲ್ಲ. ಸಾಮಾನ್ಯ ಅಂಗಡಿಗೆ ಸಂಬಂಧಪಟ್ಟ ೧೯೩೮ರ ಕಾಯಿದೆಯ ಪ್ರಕಾರ ವರ್ತಕನು ವರ್ಷಕ್ಕೆ ಒಂದು ಡಾಲರ್ ಕೊಟ್ಟು ಲೈಸೆನ್ಸು ಪಡೆಯಬೇಕು, ಮಾರಾಟಗಳ ಲೆಕ್ಕವಿಡಬೇಕು, ಅಪರಾಧಿಯೆಂದು ತಿಳಿದೂ ತಿಳಿದೂ ಅಂಥವನಿಗೆ ಮಾರಬಾರದು. ‘ತಿಳಿದೂ ತಿಳಿದೂ’ ಎಂಬಲ್ಲಿದೆ ಅದರ ಬಲಹೀನತೆ. ಕೊಳ್ಳುವವನ ಗುರುತಿಗೆ ಪ್ರಮಾಣ ಕೇಳಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಕೇಳದವನಿಗೆ ತಿಳಿಯುವುದಿಲ್ಲ; ತಿಳಿಯದವನು ತಪ್ಪಿತಸ್ಥನಲ್ಲ.

ಈ ವ್ಯವಸ್ಥೆಯ ಸ್ವರೂಪ ಏನೆಂಬುದು ೧೯೬೩ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಆ ವರ್ಷದ ಫೆಬ್ರುವರಿ ತಿಂಗಳ ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಯಲ್ಲಿ ಷಿಕಾಗೋ ನಗರದ ಕ್ಲೈನ್ಸ್ ಎಂಬ ಕ್ರೀಡಾಸಾಮಗ್ರಿಯ ಅಂಗಡಿಯ ಜಾಹೀರಾತು ಪ್ರಕಟವಾಗಿತ್ತು. ಅದರ ಚೀಟಿಯನ್ನು ಕತ್ತರಿಸಿ ತುಂಬಿ, ೨೧ ಡಾಲರ್ ೪೫ ಸೆಂಟುಗಳ ಮನಿಯಾರ್ಡರನ್ನು ಜೊತೆಗಿಟ್ಟು, ಡಲ್ಲಾಸ್ ನಗರದ ೨೯೧೫ನೆಯ ಅಂಚೆಪೆಟ್ಟಿಗೆಯ ವಿಳಾಸದಿಂದ ಎ. ಹಿಡೆಲ್ ಎಂಬ ಹೆಸರಿನಲ್ಲಿ ಒಬ್ಬನು ಮಾರ್ಚ್ ತಿಂಗಳಲ್ಲಿ ಕಳುಹಿಸಿದನು. ೧೯ ಡಾಲರ್ ೯೫ ಸೆಂಟು ದೂರದರ್ಶಕ ಸಹಿತವಾದ ಇಟಲಿಯ ಸೈನ್ಯದ ಹಳೆಯ ಕೋವಿಯ ಬೆಲೆ. ಉಳಿದ ಒಂದೂವರೆ ಡಾಲರ್ ಸಾಗಾಣಿಕೆಯ ವೆಚ್ಚ. ಮಾರ್ಚ್ ೨೦ರಂದು ಕೋವಿ ಹೊರಟಿತು. ಅಂಗಡಿಯವರು ಯಾವ ಕಾನೂನನ್ನೂ ಮೀರಲಿಲ್ಲ. ಹೆಸರನ್ನು ಬರೆದುಕೊಂಡರು, ಕೋವಿಯ ಸಂಖ್ಯೆ ಸಿ ೨೭೬೬ ಎಂಬುದನ್ನು ಬರೆದುಕೊಂಡರು, ಕಾಗದವನ್ನು ಸೂಕ್ಷ್ಮಚಿತ್ರದ ಸುರುಳಿಯಲ್ಲಿ ಭದ್ರಪಡಿಸಿದರು. ಶಾಸನ ಕೇಳಿದ್ದಷ್ಟನ್ನೂ ಅವರು ಮಾಡಿದ್ದರು.

ಅಂಚೆಯ ಮನೆಯಲ್ಲಾದರೂ ತಡೆಯಿತ್ತೆ ಎಂದರೆ ಅಲ್ಲಿಯೂ ಇರಲಿಲ್ಲ. ಆ ಪೆಟ್ಟಿಗೆಯನ್ನು ಬಾಡಿಗೆಗೆ ಹಿಡಿದಿದ್ದವನು ಲೀ ಹಾರ್ವೆ ಆಸ್ವಾಲ್ಡ್, ತನ್ನ ನಿಜವಾದ ಹೆಸರಿನಲ್ಲಿ. ದೊಡ್ಡ ಪಾರ್ಸೆಲು ಬಂದಾಗ ಪೆಟ್ಟಿಗೆಯೊಳಗೆ ಒಂದು ಸೂಚನೆಯ ಚೀಟಿಯನ್ನು ಹಾಕುವುದು ವಾಡಿಕೆ; ಚೀಟಿಯನ್ನು ತಂದು ತೋರಿದವನಿಗೆ ಪಾರ್ಸೆಲನ್ನು ಕೊಡುವುದೂ ವಾಡಿಕೆ. ಚೀಟಿ ಕೈಯಲ್ಲಿದ್ದವನೇ ಹಕ್ಕುದಾರನೆಂದು ಭಾವಿಸಿ ಅವನ ಗುರುತನ್ನು ಕೇಳುತ್ತಿರಲಿಲ್ಲವೆಂದು ಅಂಚೆಯ ಅಧಿಕಾರಿ ಮುಂದೆ ವಾರೆನ್ ಆಯೋಗದ ಮುಂದೆ ಸಾಕ್ಷ್ಯ ನುಡಿದನು.

ಇದೇ ಮನುಷ್ಯನು ಲಾಸ್ ಏಂಜಲಿಸ್ ನಗರದ ಮತ್ತೊಂದು ಅಂಗಡಿಯಿಂದ ರಿವಾಲ್ವರನ್ನು ತರಿಸಿಕೊಂಡ ಬಗೆ ಇನ್ನೂ ಸ್ವಾರಸ್ಯವಾದುದು. ಅದರ ಬೆಲೆ ೨೯ ಡಾಲರ್ ೯೫ ಸೆಂಟು. ಸಾಗಿಸಿದ್ದು ರೈಲ್ವೆ ಎಕ್ಸ್‌ಪ್ರೆಸ್ ಕಂಪೆನಿ. ಈ ಅಂಗಡಿಯ ಚೀಟಿಯಲ್ಲಿ ಸಾಕ್ಷಿಯ ರುಜುವಿಗೆ ಒಂದು ಸ್ಥಳವಿತ್ತು. ಕೊಳ್ಳುವವನು ಅಮೆರಿಕದ ಪ್ರಜೆಯೆಂದೂ ಘೋರಾಪರಾಧಕ್ಕೆ ಶಿಕ್ಷೆ ಹೊಂದಿದವನಲ್ಲವೆಂದೂ ಬಲ್ಲ ಸಾಕ್ಷಿ ಅಲ್ಲಿ ರುಜು ಹಾಕಬೇಕು. ಡಿ. ಎಫ್. ಡ್ರಿಟ್ಟಲ್ ಎಂಬ ರುಜು ಅಲ್ಲಿ ಬಿದ್ದಿತ್ತು. ಹಿಡೆಲ್ ಎಂಬವನೂ ಇರಲಿಲ್ಲ, ಡ್ರಿಟ್ಟಲ್ ಎಂಬವನೂ ಇರಲಿಲ್ಲ. ಎರಡನ್ನೂ ಬರೆದ ಕೈ ಒಂದೇ ಎಂದು ಕೈಬರಹದ ತಜ್ಞರು ನಿರ್ಧರಿಸಿದರು. ೧೮೫೧ರ ಪಾಷಾಣದ ಅಂಗಡಿಯಲ್ಲಿ ಮಾರುವವನ ಕಣ್ಣೆದುರಿಗೆ ಬಂದು ನಿಲ್ಲಬೇಕಾಗಿದ್ದ ಸಾಕ್ಷಿ, ನೂರ ಹನ್ನೆರಡು ವರ್ಷಗಳ ಮೇಲೆ, ಸಾವಿರ ಮೈಲಿಗೂ ಮೀರಿದ ದೂರದಿಂದ ಬಂದ ಕಾಗದದ ಒಂದು ಗೆರೆಯಾಗಿ ಇಳಿದುಹೋಗಿದ್ದನು.

೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯ ವಧೆಯಾಯಿತು. ಕಟ್ಟಡದಲ್ಲಿ ಸಿಕ್ಕಿದ ಕೋವಿಯ ಮೇಲಿನ ಸಂಖ್ಯೆಯನ್ನು ಹಿಡಿದು ತನಿಖೆಯವರು ನ್ಯೂಯಾರ್ಕಿನ ಆಮದುದಾರನನ್ನೂ ಅವನ ಲೆಕ್ಕದಿಂದ ಷಿಕಾಗೋ ಅಂಗಡಿಯನ್ನೂ ತಲುಪಿ, ಆ ರಾತ್ರಿ ಕಳೆಯುವುದರೊಳಗೆ ಹಿಡೆಲ್ ಎಂಬ ಹೆಸರನ್ನು ಪತ್ತೆಮಾಡಿದರು. ಲೆಕ್ಕದ ಪುಸ್ತಕ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಆದರೆ ಅದು ಮಾಡಿದ ಕೆಲಸ ಯಾವುದು? ಅದು ಕೋವಿಯ ಜಾತಕವನ್ನು ಬರೆದಿಟ್ಟಿತ್ತು, ಮನುಷ್ಯನದನ್ನಲ್ಲ. ಹಿಡೆಲನಿಂದ ಆಸ್ವಾಲ್ಡನಿಗೆ ಸೇತುವೆ ಕಟ್ಟಿದ್ದು ಕೈಬರಹ, ಮತ್ತು ಅವನ ಕಿಸೆಯಲ್ಲಿದ್ದ ಒಂದು ಕೃತಕ ಚೀಟಿ. ಸೈನ್ಯಸೇರ್ಪಡೆಯ ಇಲಾಖೆ ಕೊಡುವ ಚೀಟಿಯಂತಿದ್ದ ಅದರಲ್ಲಿ ಹಿಡೆಲನ ಹೆಸರೂ ಆಸ್ವಾಲ್ಡನ ಭಾವಚಿತ್ರವೂ ಇದ್ದವು. ಆ ಇಲಾಖೆಯ ನಿಜವಾದ ಚೀಟಿಗಳಲ್ಲಿ ಭಾವಚಿತ್ರವೇ ಇರುತ್ತಿರಲಿಲ್ಲ. ಚಿತ್ರವಿದ್ದರೆ ನಂಬುತ್ತಾರೆಂದು ಎಣಿಸಿ ನಿಜವಾದ ಚೀಟಿಗಿಂತಲೂ ಹೆಚ್ಚು ನಿಜವಾಗಿ ತೋರುವ ಚೀಟಿಯನ್ನು ಅವನು ಮಾಡಿಕೊಂಡಿದ್ದನು.

ಕನೆಟಿಕಟ್ ಸಂಸ್ಥಾನದ ಸೆನೆಟರ್ ಥಾಮಸ್ ಡಾಡ್ ಬಾಲಾಪರಾಧದ ಉಪಸಮಿತಿಯ ಅಧ್ಯಕ್ಷನಾಗಿ ೧೯೬೧ರಿಂದಲೇ ಅಂಚೆಯ ಕೋವಿವ್ಯಾಪಾರದ ವಿಚಾರಣೆ ನಡೆಸಿದ್ದನು. ಕೋಲ್ಟ್, ವಿಂಚೆಸ್ಟರ್ ಮುಂತಾದ ಪ್ರಸಿದ್ಧ ಕೋವಿ ತಯಾರಕರು ಆ ಸಂಸ್ಥಾನದವರೇ ಎಂಬುದನ್ನು ನೆನೆದರೆ ಅವನ ಸ್ಥಿತಿ ಎಷ್ಟು ನಾಜೂಕಾದುದೆಂದು ಊಹಿಸಬಹುದು. ೧೯೬೩ರ ಆಗಸ್ಟಿನಲ್ಲಿ, ಎಂದರೆ ಕೆನೆಡಿಯ ವಧೆಗೆ ಮೂರು ತಿಂಗಳ ಮುಂಚೆಯೇ, ಅವನು ಮಂಡಿಸಿದ ಮಸೂದೆ ಕೈಪಿಸ್ತೂಲುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ವಧೆಯ ತರುವಾಯ ಉದ್ದಕೋವಿಗಳೂ ಸೇರಿದವು. ಐದು ವರ್ಷ ಅದು ಕಾಂಗ್ರೆಸ್ಸಿನಲ್ಲಿ ತೊಳಲಾಡಿತು.

ಈ ಅವಧಿಯ ಚರ್ಚೆಯಲ್ಲಿ ಒಂದು ಊಹೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: ದೋಷವಿರುವುದು ಅಂಚೆಯಲ್ಲಿ, ಮುಖಾಮುಖಿಯಾದ ಮಾರಾಟದಲ್ಲಿ ಈ ವಂಚನೆ ಸಾಗದು. ಇದು ಸಂಪೂರ್ಣ ನಿಜವಲ್ಲವೆಂದು ೧೯೬೮ರ ಮಾರ್ಚ್ ತಿಂಗಳ ಕೊನೆಯ ವಾರದ ಎರಡು ದಿನಗಳ ಸಂಗತಿ ತೋರಿಸಿತು. ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದ ಅಂಗಡಿಯೊಂದಕ್ಕೆ ಮಾರ್ಚ್ ೨೯ರಂದು ಒಬ್ಬನು ಬಂದು, ಹಾರ್ವೆ ಲೋಮೇಯರ್ ಎಂದು ಹೆಸರು ಬರೆಸಿ, ದೂರದರ್ಶಕ ಸಹಿತವಾದ ಕೋವಿಯನ್ನು ಕೊಂಡನು. ಮರುದಿನ ಬಂದು ಅದನ್ನು ಕೊಟ್ಟು ಬೇರೆ ಬಗೆಯದನ್ನು ಬದಲಾಯಿಸಿಕೊಂಡು ಹೋದನು. ಮಾರಿದವರು ಅವನ ಮುಖವನ್ನು ಎರಡು ದಿನ ಕಂಡಿದ್ದರು. ಅವನು ಹಿಂದಿನ ವರ್ಷ ಮಿಸೌರಿಯ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದ ಜೇಮ್ಸ್ ಅರ್ಲ್ ರೇ. ಏಪ್ರಿಲ್ ೪ರಂದು ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತನಾದನು.

ಅಂಗಡಿಯವರು ಗುರುತಿನ ಚೀಟಿಯನ್ನು ಕೇಳಿದ್ದರೆ ಏನಾಗುತ್ತಿತ್ತು? ರೇಯ ಬಳಿ ಅಲಬಾಮ ಸಂಸ್ಥಾನವು ಕ್ರಮಪ್ರಕಾರವಾಗಿ ಕೊಟ್ಟಿದ್ದ ವಾಹನಚಾಲನೆಯ ಲೈಸೆನ್ಸು ಇತ್ತು. ಅದರಲ್ಲಿದ್ದ ಹೆಸರು ಎರಿಕ್ ಸ್ಟಾರ್ವೋ ಗಾಲ್ಟ್. ಆಸ್ವಾಲ್ಡನದು ಸುಳ್ಳು ಹೆಸರಿನ ಸುಳ್ಳು ಚೀಟಿ. ರೇಯದು ಸುಳ್ಳು ಹೆಸರಿನ ನಿಜವಾದ ಚೀಟಿ. ಎರಡನೆಯದನ್ನು ಯಾವ ಅಂಗಡಿಕಾರನೂ ಹಿಡಿಯಲಾರನು. ಹಿಡಿಯಲು ಅವನಲ್ಲಿ ಆಧಾರವೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಬೋಧಪ್ರದವಾದ ಸಂಗತಿ ಇದು. ಆದರೂ ಆ ಕಾಲದ ಚರ್ಚೆಯಲ್ಲಿ ಇದಕ್ಕೆ ತಕ್ಕಷ್ಟು ಗಮನ ದೊರೆಯಲಿಲ್ಲ.

ಜೂನ್ ತಿಂಗಳಲ್ಲಿ ರಾಬರ್ಟ್ ಕೆನೆಡಿಯ ವಧೆಯೂ ನಡೆದ ಮೇಲೆ ಕಾಂಗ್ರೆಸ್ಸು ಇನ್ನು ತಡಮಾಡಲಿಲ್ಲ. ೧೯೬೮ರ ಅಕ್ಟೋಬರ್ ೨೨ರಂದು ಅಧ್ಯಕ್ಷ ಜಾನ್ಸನ್ ಕೋವಿ ನಿಯಂತ್ರಣ ಕಾಯಿದೆಗೆ ರುಜು ಹಾಕಿದನು. ಎಲ್ಲ ಕೋವಿಗಳೂ ಸರ್ಕಾರದಲ್ಲಿ ನೋಂದಣಿಯಾಗಬೇಕು, ಇಟ್ಟುಕೊಳ್ಳುವವರೆಲ್ಲ ಲೈಸೆನ್ಸು ಪಡೆಯಬೇಕು ಎಂದು ಅವನು ಕೇಳಿದ್ದನು. ಅವೆರಡನ್ನೂ ಕಾಂಗ್ರೆಸ್ಸು ನಿರಾಕರಿಸಿತ್ತು. ದೊರೆತದ್ದು ಇಷ್ಟು: ಸಂಸ್ಥಾನದ ಗಡಿಯನ್ನು ದಾಟಿ ಜನಸಾಮಾನ್ಯರಿಗೆ ಅಂಚೆಯ ಮೂಲಕ ಮಾರುವುದು ನಿಂತಿತು, ವರ್ತಕನು ಕೈಪಿಸ್ತೂಲನ್ನು ೨೧ ವರ್ಷದೊಳಗಿನವರಿಗೂ ಉದ್ದಕೋವಿಯನ್ನು ೧೮ ವರ್ಷದೊಳಗಿನವರಿಗೂ ಮಾರಕೂಡದೆಂದಾಯಿತು, ಅಪರಾಧಿ, ತಲೆಮರೆಸಿಕೊಂಡವನು ಮೊದಲಾದ ನಿಷಿದ್ಧವರ್ಗಗಳು ಗೊತ್ತಾದವು. ಕೊಳ್ಳುವವನು ತಾನು ಇವುಗಳಿಗೆ ಸೇರಿದವನಲ್ಲವೆಂದು ೪೪೭೩ನೆಯ ನಮೂನೆಯ ಮೇಲೆ ರುಜು ಹಾಕಿಕೊಡಬೇಕು; ಆ ಕಾಗದ ಸರ್ಕಾರಕ್ಕೆ ಹೋಗದೆ ಅಂಗಡಿಯಲ್ಲಿಯೇ ಉಳಿಯಬೇಕು.

ರುಜು ಹಾಕಿದವನು ಯಾರೆಂಬುದರ ಬಗ್ಗೆ ಇಲಾಖೆಯ ನಿಯಮವು ಹೇಳಿದ್ದೇನು? ವಾಣಿಜ್ಯ ವ್ಯವಹಾರದಲ್ಲಿ ರೂಢಿಯಲ್ಲಿರುವ ಯಾವುದಾದರೊಂದು ಕ್ರಮದಿಂದ, ಉದಾಹರಣೆಗೆ ವಾಹನಚಾಲನೆಯ ಲೈಸೆನ್ಸಿನಿಂದ, ವರ್ತಕನು ಕೊಳ್ಳುವವನನ್ನು ಗುರುತಿಸಿದರೆ ಸಾಕು. ಬಟ್ಟೆಯಂಗಡಿಯವನು ಅಪರಿಚಿತನ ಚೆಕ್ಕನ್ನು ತೆಗೆದುಕೊಳ್ಳುವಾಗ ಎಷ್ಟು ಎಚ್ಚರ ವಹಿಸುತ್ತಾನೋ ಅಷ್ಟೇ ಎಚ್ಚರ ಕೋವಿಯಂಗಡಿಗೂ ಸಾಕೆಂದು ಇದರ ತಾತ್ಪರ್ಯ. ಚೆಕ್ಕು ತಿರಸ್ಕೃತವಾದರೆ ಹೋಗುವುದು ವರ್ತಕನ ಹಣ. ಆ ಭಯವೇ ಅವನ ಎಚ್ಚರಿಕೆಗೆ ಮೂಲ. ಕೋವಿಯ ಮಾರಾಟದಲ್ಲಿ ಹಣ ಮೊದಲೇ ಸಂದಿರುತ್ತದೆ. ವಾಣಿಜ್ಯದ ರೂಢಿಯನ್ನು ಎರವಲು ತಂದ ನಿಯಮಕಾರರು ಆ ರೂಢಿಯನ್ನು ಕಾಪಾಡುತ್ತಿದ್ದ ಸ್ವಾರ್ಥವನ್ನು ಜೊತೆಗೆ ತರಲಾಗಲಿಲ್ಲ.

ಇಲ್ಲಿ ಇತರ ದೇಶಗಳ ಕಡೆಗೆ ಒಮ್ಮೆ ನೋಡುವುದು ಉಚಿತ. ಇಂಗ್ಲೆಂಡಿನಲ್ಲಿ ೧೯೨೦ರ ಕಾಯಿದೆಯಿಂದಾಗಿ ಪೋಲೀಸಿನ ಮುಖ್ಯಾಧಿಕಾರಿ ಕೊಟ್ಟ ಪ್ರಮಾಣಪತ್ರವಿಲ್ಲದೆ ಕೋವಿಯನ್ನು ಕೊಳ್ಳುವಂತಿಲ್ಲವೆಂದಾಯಿತು. ಭಾರತದಲ್ಲಿ ೧೮೭೮ರ ಕಾಯಿದೆಯ ಸ್ಥಾನದಲ್ಲಿ ಬಂದು ೧೯೬೨ರಲ್ಲಿ ಜಾರಿಯಾದ ೧೯೫೯ರ ಆಯುಧ ಕಾಯಿದೆಯಲ್ಲಿಯೂ ಹಾಗೆಯೇ: ಅಧಿಕಾರಿಯ ವಿಚಾರಣೆ ಮೊದಲು, ಅಂಗಡಿಯ ಮೆಟ್ಟಿಲು ಆಮೇಲೆ. ವರ್ತಕನು ನೋಡಬೇಕಾದ್ದು ಲೈಸೆನ್ಸಿನ ಪುಸ್ತಕವನ್ನು. ಇದಕ್ಕೆ ಇರುವ ಅಪವಾದಗಳಲ್ಲಿ ನಮಗೆ ಹತ್ತಿರವಾದುದು ಕೊಡಗು. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕುಲವನ್ನೂ ಭೂಮಿಯನ್ನೂ ಗುರುತಿನ ಆಧಾರವಾಗಿ ಇಟ್ಟುಕೊಂಡ ಈ ಕ್ರಮ, ಒಕ್ಕವೂ ಐನ್‌ಮನೆಯೂ ಎಲ್ಲರಿಗೂ ಗೊತ್ತಿರುವ ಸಮಾಜದಲ್ಲಿ ಮಾತ್ರ ಸಾಧ್ಯ. ಅಮೆರಿಕದ ಅಂಗಡಿಗೆ ಅಧಿಕಾರಿಯ ಪೂರ್ವವಿಚಾರಣೆಯೂ ಇರಲಿಲ್ಲ, ಒಕ್ಕದ ಪರಿಚಯವೂ ಇರಲಿಲ್ಲ.

ಮತ್ತೆ ಪ್ರಕೃತಕ್ಕೆ ಬರೋಣ. ೧೯೮೦ರ ಅಕ್ಟೋಬರಿನಲ್ಲಿ ಡಲ್ಲಾಸಿನ ಗಿರವಿ ಅಂಗಡಿಯೊಂದರಲ್ಲಿ ಜಾನ್ ಹಿಂಕ್ಲಿ ರಿವಾಲ್ವರನ್ನು ಕೊಂಡಾಗ ನಮೂನೆಯಲ್ಲಿ ಬರೆದ ಹೆಸರು ನಿಜವಾದುದೇ. ವಿಳಾಸ ಮಾತ್ರ ಸುಳ್ಳು. ೧೯೮೧ರ ಮಾರ್ಚ್ ೩೦ರಂದು ಅವನು ಅಧ್ಯಕ್ಷ ರೇಗನ್ನನ ಮೇಲೆ ಗುಂಡು ಹಾರಿಸಿದಾಗ ಅಧ್ಯಕ್ಷನ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯ ತಲೆಗೆ ಪೆಟ್ಟು ಬಿದ್ದಿತು. ಅವನ ಪತ್ನಿ ಸಾರಾ ಬ್ರೇಡಿಯ ದೀರ್ಘಪ್ರಯತ್ನದ ಫಲವಾಗಿ ೧೯೯೩ರ ನವೆಂಬರ್ ೩೦ರಂದು ಬ್ರೇಡಿ ಕಾಯಿದೆ ಅಂಗೀಕೃತವಾಯಿತು. ಕೊಳ್ಳುವವನ ಭಾವಚಿತ್ರವಿರುವ ಊರ್ಜಿತವಾದ ಗುರುತಿನ ಪತ್ರವನ್ನು ವರ್ತಕನು ಪರೀಕ್ಷಿಸಬೇಕೆಂಬ ಸ್ಪಷ್ಟವಿಧಿ ಕೇಂದ್ರದ ಶಾಸನದ ಒಕ್ಕಣೆಯಲ್ಲಿಯೇ ಸಾಮಾನ್ಯ ಕೋವಿಯ ಮಾರಾಟಕ್ಕೆ ಸೇರಿದ್ದು ಇದರಲ್ಲಿ. ೧೯೯೮ರ ನವೆಂಬರಿನಿಂದ ಹೆಸರು, ಜನ್ಮದಿನಾಂಕ ಮೊದಲಾದವನ್ನು ವರ್ತಕನು ಸರ್ಕಾರದ ಗಣಕವ್ಯವಸ್ಥೆಗೆ ತಿಳಿಸಿ ಉತ್ತರ ಪಡೆಯುವ ಏರ್ಪಾಡು ಬಂದಿತು.

ಇದರಿಂದ ಒಂದು ದೊಡ್ಡ ಕೊರತೆ ತುಂಬಿತೆಂಬುದು ನಿರ್ವಿವಾದ. ತಾನು ಅಪರಾಧಿಯಲ್ಲವೆಂದು ಗಿರಾಕಿ ಬರೆದುಕೊಟ್ಟ ಮಾತನ್ನು ಇನ್ನು ಸುಮ್ಮನೆ ನಂಬಬೇಕಾಗಿರಲಿಲ್ಲ. ಆದರೆ ಗಣಕಕ್ಕೆ ಹೋಗುವುದು ಚೀಟಿಯಲ್ಲಿರುವ ಹೆಸರು. ಚೀಟಿಯನ್ನು ಹಿಡಿದಿರುವ ಕೈಯಲ್ಲ. ೨೦೦೧ರಲ್ಲಿ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಕಚೇರಿಯ ಗುಪ್ತ ತನಿಖೆಗಾರರು ಇದನ್ನು ಪ್ರಯೋಗದಿಂದಲೇ ತೋರಿಸಿಕೊಟ್ಟರು. ಮಾಮೂಲಾಗಿ ದೊರೆಯುವ ಗಣಕಸಾಮಗ್ರಿಯಿಂದ ಕೃತಕ ಲೈಸೆನ್ಸುಗಳನ್ನು ಮಾಡಿಕೊಂಡು ಅರಿಜೋನ, ಮೊಂಟಾನ, ನ್ಯೂ ಮೆಕ್ಸಿಕೋ, ವರ್ಜೀನಿಯ, ಪಶ್ಚಿಮ ವರ್ಜೀನಿಯ ಎಂಬ ಐದು ಸಂಸ್ಥಾನಗಳ ಅಂಗಡಿಗಳಿಗೆ ಹೋದರು. ಐದರಲ್ಲಿಯೂ ಕೋವಿ ಕೊಂಡು ಬಂದರು. ಅಸ್ತಿತ್ವದಲ್ಲಿಯೇ ಇಲ್ಲದ ವ್ಯಕ್ತಿಯ ಮೇಲೆ ಯಾವ ಅಪರಾಧವೂ ದಾಖಲಾಗಿರುವುದಿಲ್ಲವಷ್ಟೆ.

ಚೀಟಿಯ ನಿಯಮ ಒಂದು ಕಡೆ ಸಡಿಲವಾಗಿ ಇನ್ನೊಂದು ಕಡೆ ಬಿಗಿಯಾಗಿತ್ತು. ಊರಿಂದೂರಿಗೆ ವರ್ಗವಾಗುವ ಸೈನಿಕನ ಚೀಟಿಯಲ್ಲಿ ಈಗಿನ ವಿಳಾಸವಿರುವುದಿಲ್ಲ. ಅವನು ವರ್ಗಾವಣೆಯ ಆಜ್ಞಾಪತ್ರವನ್ನು ಜೊತೆಗೆ ತೋರಿಸಬಹುದು. ಚೀಟಿಯಲ್ಲಿ ಹಳೆಯ ವಿಳಾಸವಿರುವ ಇತರರು ಸರ್ಕಾರದ ಮತ್ತೊಂದು ಪತ್ರವನ್ನು ತಂದು ಕೊರತೆಯನ್ನು ತುಂಬಬಹುದೆಂದು ೨೦೦೧ರ ಇಲಾಖಾ ತೀರ್ಮಾನ ಅವಕಾಶವಿತ್ತಿತು. ಆದರೆ ಭಾವಚಿತ್ರವೇ ಇಲ್ಲದಿದ್ದರೆ ದಾರಿಯಿಲ್ಲ. ಚಿತ್ರ ತೆಗೆಸಿಕೊಳ್ಳುವುದು ಧರ್ಮಬಾಹಿರವೆಂದು ನಂಬುವ ಆಮಿಷ್ ಪಂಥದವರಿಗೆ ಪೆನ್ಸಿಲ್ವೇನಿಯವು ಚಿತ್ರರಹಿತ ಚೀಟಿಯನ್ನು ಕೊಡುತ್ತಿದ್ದರೂ ಕೋವಿಯ ಅಂಗಡಿಯಲ್ಲಿ ಅದು ನಡೆಯುತ್ತಿರಲಿಲ್ಲ. ೨೦೧೫ರಲ್ಲಿ ಆ ಪಂಥದ ಒಬ್ಬ ಗೃಹಸ್ಥನು ಈ ಬಗ್ಗೆ ನ್ಯಾಯಾಲಯಕ್ಕೆ ಹೋದನು. ನೆರೆಹೊರೆಯವರೆಲ್ಲ ಹುಟ್ಟಿದಂದಿನಿಂದ ಬಲ್ಲ ರೈತನು ಗುರುತಿಲ್ಲದವನಾದನು. ಐದು ಸಂಸ್ಥಾನಗಳಲ್ಲಿ ಇಲ್ಲದ ಮನುಷ್ಯನು ಗುರುತುಳ್ಳವನಾಗಿದ್ದನು.

ಹೆಸರೂ ಚಿತ್ರವೂ ನಿಜವಾಗಿದ್ದು ಕೊಳ್ಳುವವನೇ ಬೇರೆಯಾಗಿರುವ ಪ್ರಸಂಗವೂ ಉಂಟು. ನಮ್ಮ ಭೂವ್ಯವಹಾರಗಳಲ್ಲಿ ಬೇನಾಮಿಯೆಂದು ಕರೆಯುವುದು ಇದನ್ನೇ. ನಿಷಿದ್ಧನಾದವನು ಹಣ ಕೊಟ್ಟು, ನಿಷ್ಕಳಂಕನಾದ ಮತ್ತೊಬ್ಬನನ್ನು ಅಂಗಡಿಗೆ ಕಳುಹಿಸುತ್ತಾನೆ. ನಿಜವಾದ ಕ್ರಯದಾರನು ನೀನೇ ಏನು ಎಂಬ ಪ್ರಶ್ನೆ ನಮೂನೆಯಲ್ಲಿದೆ. ಉತ್ತರವನ್ನು ಒರೆಹಚ್ಚುವ ಕಲ್ಲು ಅಂಗಡಿಕಾರನ ಬಳಿ ಇಲ್ಲ. ಮಾಜಿ ಪೋಲೀಸಿನವನೊಬ್ಬನು ತನ್ನ ಚಿಕ್ಕಪ್ಪನಿಗಾಗಿ ಪಿಸ್ತೂಲು ಕೊಂಡು ತಾನೇ ಕ್ರಯದಾರನೆಂದು ಬರೆದ ಮೊಕದ್ದಮೆಯಲ್ಲಿ, ಆ ಚಿಕ್ಕಪ್ಪನಿಗೆ ಕೊಳ್ಳುವ ಅರ್ಹತೆ ಇದ್ದರೂ ಸುಳ್ಳು ಸುಳ್ಳೇ ಎಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ಐವರ ಬಹುಮತದಿಂದ ತೀರ್ಪಿತ್ತಿತು. ನಾಲ್ವರು ಭಿನ್ನಮತ ಸೂಚಿಸಿದರು. ಬೇನಾಮಿ ಖರೀದಿಯೇ ಪ್ರತ್ಯೇಕ ಅಪರಾಧವೆಂದು ಕೇಂದ್ರದ ಶಾಸನ ಹೇಳಿದ್ದು ೨೦೨೨ರ ಜೂನ್ ತಿಂಗಳಲ್ಲಿ. ಲೈಸೆನ್ಸುದಾರನಲ್ಲದ ಖಾಸಗಿಯವನು ಮಾರಿದರಂತೂ ಕೇಂದ್ರದ ಕಾಯಿದೆ ಯಾವ ಚೀಟಿಯನ್ನೂ ಕೇಳುತ್ತಿರಲಿಲ್ಲ. ೧೯೯೯ರಲ್ಲಿ ಕೊಲೊರಾಡೋದ ಕೊಲಂಬೈನ್ ಶಾಲೆಯ ದುರಂತದಲ್ಲಿ ಬಳಕೆಯಾದ ಮೂರು ಉದ್ದಕೋವಿಗಳನ್ನು ಸಂತೆಯಲ್ಲಿ ಖಾಸಗಿಯವರಿಂದ, ವಯಸ್ಸು ಸಾಲದ ಹುಡುಗರಿಗಾಗಿ, ಹದಿನೆಂಟು ತುಂಬಿದ ಗೆಳತಿಯೊಬ್ಬಳು ಕೊಂಡುಕೊಟ್ಟಿದ್ದಳು. ಮರುವರ್ಷ ಆ ಸಂಸ್ಥಾನದ ಮತದಾರರು ಸಂತೆಯ ಮಾರಾಟಕ್ಕೂ ತನಿಖೆಯನ್ನು ವಿಧಿಸಿದರು.

ಕಾನೂನು ನಿಂತಲ್ಲಿ ಕೆಲವು ದೊಡ್ಡ ಅಂಗಡಿಗಳು ತಮ್ಮದೇ ನಿಯಮಗಳನ್ನು ಮಾಡಿಕೊಂಡದ್ದು ಈಚಿನ ಬೆಳವಣಿಗೆ. ೨೦೦೮ರಲ್ಲಿ ವಾಲ್‌ಮಾರ್ಟ್ ಸಂಸ್ಥೆ ಮೇಯರುಗಳ ಒಕ್ಕೂಟವೊಂದರೊಡನೆ ಒಪ್ಪಂದ ಮಾಡಿಕೊಂಡು ಕೋವಿಯ ಮಾರಾಟವನ್ನು ಚಲಚ್ಚಿತ್ರದಲ್ಲಿ ದಾಖಲಿಸಲು ಸಮ್ಮತಿಸಿತು. ೨೦೧೮ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲೆಂಡ್ ಶಾಲೆಯಲ್ಲಿ ಹದಿನೇಳು ಮಂದಿ ಹತರಾದ ಎರಡು ವಾರಗಳಲ್ಲಿ ಆ ಸಂಸ್ಥೆಯೂ ಡಿಕ್ಸ್ ಎಂಬ ಕ್ರೀಡಾಸಾಮಗ್ರಿಯ ಸಂಸ್ಥೆಯೂ ೨೧ ವರ್ಷದೊಳಗಿನವರಿಗೆ ಯಾವ ಕೋವಿಯನ್ನೂ ಮಾರುವುದಿಲ್ಲವೆಂದು ಸಾರಿದವು. ಕಾನೂನು ಹದಿನೆಂಟಕ್ಕೆ ಒಪ್ಪಿದ್ದನ್ನು ಅಂಗಡಿ ನಿರಾಕರಿಸಬಹುದೆ? ಆರೆಗಾನಿನಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬನು ವಯೋಭೇದವೆಂದು ವ್ಯಾಜ್ಯ ಹೂಡಿದನು. ಹೊಣೆಯನ್ನು ವರ್ತಕನ ಮೇಲೆ ಹೊರಿಸಿದ ವ್ಯವಸ್ಥೆ, ವರ್ತಕನು ಅದನ್ನು ಕಾನೂನಿಗಿಂತ ಹೆಚ್ಚಾಗಿ ಹೊತ್ತಾಗ ಅದೂ ತಪ್ಪೇ ಎಂದು ಕೇಳುವಂತಾಯಿತು.

ಇಷ್ಟೆಲ್ಲ ಬರೆದಿಟ್ಟ ಹೆಸರುಗಳು ಕೊನೆಗೆ ಎಲ್ಲಿಗೆ ಸೇರುತ್ತವೆ ಎಂಬುದನ್ನೂ ಹೇಳಬೇಕು. ೧೯೭೮ರಲ್ಲಿ ವರ್ತಕರ ಲೆಕ್ಕಗಳನ್ನು ಕೇಂದ್ರದಲ್ಲಿ ಕಲೆಹಾಕಲು ಇಲಾಖೆ ಹೊರಟಾಗ ಕಾಂಗ್ರೆಸ್ಸು ಅದಕ್ಕೆ ಹಣ ನಿರಾಕರಿಸಿತು. ೧೯೮೬ರ ಕಾಯಿದೆ ಕೋವಿಗಳ ಮತ್ತು ಒಡೆಯರ ರಾಷ್ಟ್ರೀಯ ನೋಂದಣಿಯನ್ನು ಸ್ಪಷ್ಟವಾಗಿ ನಿಷೇಧಿಸಿತು. ೨೦೦೪ರಿಂದ, ಗಣಕವ್ಯವಸ್ಥೆಯಲ್ಲಿ ಒಪ್ಪಿಗೆ ಪಡೆದವರ ಹೆಸರನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಳಿಸಬೇಕೆಂದಾಯಿತು. ಅಂಗಡಿ ಮುಚ್ಚಿದಾಗ ಮಾತ್ರ ಅದರ ಪುಸ್ತಕಗಳೂ ನಮೂನೆಗಳೂ ಪಶ್ಚಿಮ ವರ್ಜೀನಿಯದ ಮಾರ್ಟಿನ್ಸ್‌ಬರ್ಗಿನಲ್ಲಿರುವ ಪತ್ತೆ ಕೇಂದ್ರಕ್ಕೆ ಪೆಟ್ಟಿಗೆಗಳಲ್ಲಿ ಬರುತ್ತವೆ. ಅವುಗಳ ಚಿತ್ರಪ್ರತಿಗಳನ್ನು ತೆಗೆದಿಡುತ್ತಾರೆ. ಆದರೆ ಹೆಸರನ್ನು ಕೊಟ್ಟು ಹುಡುಕುವ ಸೌಲಭ್ಯವನ್ನು, ನಿಷೇಧಕ್ಕನುಸಾರವಾಗಿ, ಅವಕ್ಕೆ ಕಲ್ಪಿಸಿಲ್ಲ. ಎಲ್ಲಿಯೋ ಕೊಲೆಯೊಂದು ನಡೆದು ಕೋವಿಯ ಸಂಖ್ಯೆ ಸಿಕ್ಕಿದಾಗ, ಮುಚ್ಚಿಹೋದ ಆ ಅಂಗಡಿಯ ಪುಟಗಳನ್ನು ಗುಮಾಸ್ತರು ಒಂದೊಂದಾಗಿ ತಿರುವುತ್ತ, ಆ ಸಂಖ್ಯೆಯ ಎದುರಿಗೆ ಬರೆದಿರುವ ಹೆಸರನ್ನು ಅರಸುತ್ತಾರೆ.